ಮೆಟ್ಟಿಲ ಡಾಕ್ಟರಮ್ಮ

ರೋಗಿಯನ್ನು ಕೂರಿಸಿಕೊಂಡು ಮಾತಾಡಿಸುವ ವೈದ್ಯರನ್ನು ಬೇಕಾದಷ್ಟು ಕಂಡಿದ್ದೇನೆ. ಕೂತ ರೋಗಿಯನ್ನು ಎಬ್ಬಿಸಿ, ಜೊತೆಯಲ್ಲಿ ಮೆಟ್ಟಿಲು ಹತ್ತಿಸುತ್ತ ಹರಟೆ ಹೊಡೆಯುವ ವೈದ್ಯೆಯನ್ನು ಕಂಡದ್ದು ಇವರೊಬ್ಬರನ್ನೇ. ಕ್ಯಾನ್ಸರ್ ಆಸ್ಪತ್ರೆಯಲ್ಲಿ ಹೃದಯದ ವೈದ್ಯರಿಗೇನು ಕೆಲಸ ಎಂದು ಮೊದಲು ನನಗೂ ಅನ್ನಿಸಿತ್ತು. ಗಡ್ಡೆಯನ್ನು ಕರಗಿಸುವ ಕೆಲವು ಔಷಧಿಗಳು ಸದ್ದಿಲ್ಲದೆ ಹೃದಯದ ಬಲವನ್ನೂ ಕುಗ್ಗಿಸುತ್ತವೆ. ಅದಕ್ಕೆ ಅವಕಾಶ ಕೊಡದಂತೆ ಕಾಯುವುದೇ ಅವರ ಕಾಯಕ. ಸ್ಕ್ಯಾನುಗಳನ್ನು ತಪ್ಪದೆ ಮಾಡಿಸುತ್ತಿದ್ದರು, ಸರಿ. ಆದರೆ ಎರಡು ಸ್ಕ್ಯಾನುಗಳ ನಡುವೆ ರೋಗಿಯ ಉಸಿರು ಏನು ಹೇಳುತ್ತಿದೆಯೆಂದು ಅವರಿಗೆ ತಿಳಿಯಬೇಕಿತ್ತು.

ಸ್ಥೂಲ ಶರೀರ, ಎಡಕ್ಕೆ ವಾಲುವ ನಡಿಗೆ. ಮೆಟ್ಟಿಲ ಕಂಬಿಗೆ ಸಿಕ್ಕಿ ಹರಿದ ಬಿಳಿಕೋಟಿನ ಜೇಬಿಗೆ ನೀಲಿ ದಾರದ ಹೊಲಿಗೆ. ಯಾರು ಏನೇ ಹೇಳಲಿ, ಮೊದಲು 'ಅದಿರಲಿ' ಎನ್ನುವುದು ವಾಡಿಕೆ. ಚೆನ್ನಾಗಿದ್ದೇನೆ ಎಂದರೂ ಅದಿರಲಿ, ಸತ್ತೇ ಹೋಗುತ್ತೇನೆ ಎಂದರೂ ಅದಿರಲಿ. ಆಮೇಲೆ, ಮಲಗಿದಾಗ ಉಸಿರು ಕಟ್ಟದಿರಲು ತಲೆಗೆ ದಿಂಬು ಎಷ್ಟು ಬೇಕಾಗುತ್ತದೆ, ಕಾಲು ಊದಿ ಚಪ್ಪಲಿ ಬಿಗಿಯಾಗಿದೆಯೇ ಎಂಬ ವಿಚಾರಣೆ. ಒಮ್ಮೆ ಲಿಫ್ಟ್ ಕೆಟ್ಟು ಆಸ್ಪತ್ರೆಯ ಮುಖ್ಯಸ್ಥರೇ ಮೆಟ್ಟಿಲಲ್ಲಿ ಇವರ ಕೈಗೆ ಸಿಕ್ಕಿಬಿದ್ದರಂತೆ. ಮೇಲಿನ ಮಹಡಿ ಮುಟ್ಟುವಷ್ಟರಲ್ಲಿ ಮುಖ್ಯಸ್ಥರ ಸಿಗರೇಟಿನ ಜಾತಕವೆಲ್ಲ ಬಯಲಾಗಿತ್ತು.

ನನ್ನ ಅಕ್ಕ ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದಳು. ಅಕ್ಕನ ಬಾಯಿ ಬಿದ್ದುಹೋಗುವ ಬಾಯಲ್ಲ. ಅವಳು ಕೂತ ಕಡೆ ಉಳಿದವರ ಕಿವಿಗಷ್ಟೇ ಕೆಲಸ. ಔಷಧಿಯ ಅರ್ಧ ದಾರಿಯಲ್ಲಿ ಅವಳಿಗೆ ಏದುಸಿರು ಶುರುವಾಯಿತು. ಅದನ್ನವಳು ನಮಗೂ ಹೇಳಲಿಲ್ಲ, ಡಾಕ್ಟರಿಗೂ ಹೇಳಲಿಲ್ಲ. ಮೆಟ್ಟಿಲು ಹತ್ತುವಾಗ ಮಾತಾಡಿದರೆ ಗುಟ್ಟು ರಟ್ಟಾಗುತ್ತದೆಂದು ಲೆಕ್ಕ ಹಾಕಿ, ಮುಂದಿನ ತಪಾಸಣೆಯ ದಿನ ತುಟಿ ಬಿಗಿದುಕೊಂಡು, ಎಲ್ಲದಕ್ಕೂ ತಲೆಯಾಡಿಸುತ್ತ ಹತ್ತಿದಳು. ಡಾಕ್ಟರಮ್ಮ ನಡುವೆಯೇ ನಿಂತುಬಿಟ್ಟರು. ಹಿಂದೆ ಹತ್ತುತ್ತಿದ್ದ ನಾನೂ ನಿಂತೆ.

"ನಿಮ್ಮ ಮಾತೆಲ್ಲಿ ಹೋಯ್ತು?"

ಅಕ್ಕನ ಕಣ್ಣು ತುಂಬಿತು. "ಹೇಳಿದ್ರೆ ಔಷಧಿ ನಿಲ್ಲಿಸ್ತೀರ. ನಿಲ್ಲಿಸಿದ್ರೆ ಗಡ್ಡೆ ಮತ್ತೆ ಬರುತ್ತೆ."

ಡಾಕ್ಟರಮ್ಮ ಈ ಸಲ 'ಅದಿರಲಿ' ಎನ್ನಲಿಲ್ಲ. ಮೆಟ್ಟಿಲ ಮೇಲೇ ಕೂತು ಅಕ್ಕನನ್ನೂ ಕೂರಿಸಿಕೊಂಡರು. "ನಿಲ್ಲಿಸೋದಕ್ಕಲ್ಲಮ್ಮ ನಾನಿರೋದು, ಅದನ್ನ ಪೂರ್ತಿ ಮುಗಿಸೋದಕ್ಕೆ. ನೀವು ಮುಚ್ಚಿಟ್ಟುಕೊಂಡ್ರೆ ಮಾತ್ರ ನಿಜವಾಗ್ಲೂ ನಿಲ್ಲಿಸಬೇಕಾಗುತ್ತೆ."

ಅವತ್ತೇ ಮಾಡಿಸಿದ ಸ್ಕ್ಯಾನಿನಲ್ಲಿ ಹೃದಯ ಸೋತಿರುವುದು ಕಂಡಿತು. ಕ್ಯಾನ್ಸರಿನ ವೈದ್ಯರು ಆ ಔಷಧಿಯ ಸಹವಾಸವೇ ಸಾಕೆಂದರು. ಡಾಕ್ಟರಮ್ಮ ಆ ವೈದ್ಯರ ಕೋಣೆಗೆ ಹೋಗಿ, ಕೆಲವು ವಾರಗಳ ಬಿಡುವು ಕೊಡಿ, ಹೃದಯದ ಹೊಣೆ ನನ್ನದು ಎಂದು ಪಟ್ಟು ಹಿಡಿದು ಒಪ್ಪಿಸಿದರು. ಮಾತ್ರೆಗಳಿಂದ ಹೃದಯ ನಿಧಾನವಾಗಿ ಚೇತರಿಸಿಕೊಂಡಿತು, ಔಷಧಿ ಮತ್ತೆ ಆರಂಭವಾಯಿತು, ಅಕ್ಕ ಕೊನೆಯ ಸುತ್ತನ್ನೂ ಮುಗಿಸಿದಳು. ಆ ದಿನ ನಾನು ಆಸ್ಪತ್ರೆಯ ಬಾಗಿಲಲ್ಲಿ ನಾಚಿಕೆ ಬಿಟ್ಟು ಅತ್ತುಬಿಟ್ಟೆ.

ಗೆದ್ದ ಕತೆಯನ್ನು ಅಕ್ಕ ಈಗ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾಳೆ. ಅದರಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರಿದ್ದಾರೆ, ಕ್ಯಾನ್ಸರಿಗೆ ಔಷಧಿ ಕೊಟ್ಟವರಿದ್ದಾರೆ. ಮೆಟ್ಟಿಲ ಡಾಕ್ಟರಮ್ಮನ ಪ್ರಸ್ತಾಪ ಮಾತ್ರ ಅಪರೂಪ. ಅದರಿಂದ ನನಗಾಗುವ ಸಂಕೋಚವನ್ನು ಒಮ್ಮೆ ಅವರ ಮುಂದೆಯೇ ತೋಡಿಕೊಂಡೆ.

"ಹೃದಯ ಅನ್ನೋದೊಂದಿದೆ ಅಂತಾನೇ ನಿಮ್ಮಕ್ಕ ಮರ್ತಿದಾರಲ್ಲ," ಎಂದರು, "ನನಗೆ ಅಷ್ಟು ಸಾಕು."

ಕಾಯುವವರ ಕುಲವೇ ಹಾಗೆ. ಅವರು ಸೋತರೆ ಊರಿಗೆಲ್ಲ ತಿಳಿಯುತ್ತದೆ. ಗೆದ್ದರೆ, ಎಲ್ಲೋ ಒಂದು ಮನೆಯಲ್ಲಿ ಒಬ್ಬರು ತಮ್ಮ ಪಾಡಿಗೆ ತಾವು ಬದುಕಿರುತ್ತಾರೆ, ಅಷ್ಟೇ.