ಹಿತ್ತಲ ಮಾವಿನಮರ ಉಳಿದ ಬಗೆ

ಚಾಮರಾಜಪೇಟೆಯ ಹಳೇ ಮನೆಗಳ ಹಿತ್ತಲಲ್ಲಿ ಇವತ್ತಿಗೂ ಅಲ್ಲೊಂದು ಇಲ್ಲೊಂದು ಹಣ್ಣಿನ ಮರ ಉಳಿದುಕೊಂಡಿದೆ. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಶಿವಲಿಂಗಯ್ಯನವರ ಹಿತ್ತಲಲ್ಲಿರುವುದು ರಸಪುರಿ ಮಾವು. ಅವರ ತಾಯಿ ಲಕ್ಕಮ್ಮ ಸಸಿ ತಂದು ನೆಟ್ಟದ್ದು. ತಾಯಿ ತೀರಿಕೊಂಡ ಮೇಲೆ ಶಿವಲಿಂಗಯ್ಯ ಆ ಮರದ ಒಂದು ರೆಂಬೆಗೂ ಕತ್ತಿ ತಾಗಿಸಲು ಬಿಡಲಿಲ್ಲ.

ಹದಿನೈದು ವರ್ಷ ಹಾಗೇ ಬಿಟ್ಟ ಮರ ತಾರಸಿ ದಾಟಿ ಬೆಳೆಯಿತು. ಹಿತ್ತಲಿಗೆ ಬಿಸಿಲು ಬೀಳುವುದು ನಿಂತಿತು. ಒಗೆದ ಬಟ್ಟೆ ಎರಡು ದಿನವಾದರೂ ಒಣಗದು. ಪಕ್ಕದ ಮನೆಯ ಗೋದಾ ಅವರ ತಾರಸಿಯ ಪೈಪಿನಲ್ಲಿ ಎಲೆ ಕಟ್ಟಿಕೊಂಡು, ಮಳೆನೀರು ಗೋಡೆಗೆ ಇಳಿಯಿತು. ಅವರು ಎರಡು ಸಲ ಬಂದು ಹೇಳಿದರು. ಮೂರನೆಯ ಸಲ ಹೇಳಲಿಲ್ಲ, ಮಾತೇ ಬಿಟ್ಟರು. ಕಾಯಿಯೂ ವರ್ಷ ವರ್ಷಕ್ಕೆ ಕಡಿಮೆಯಾಯಿತು. ಬಿಟ್ಟ ನಾಲ್ಕು ಕಾಯಿ ತುತ್ತತುದಿಯಲ್ಲಿ, ಹಿಂದಿನ ಗಲ್ಲಿಯ ಕರೆಂಟು ತಂತಿಯ ಪಕ್ಕದಲ್ಲಿ.

ಎರಡು ವರ್ಷದ ಹಿಂದೆ, ಮೇ ತಿಂಗಳ ಒಂದು ಬೆಳಗ್ಗೆ, ಶಿವಲಿಂಗಯ್ಯನವರ ಹೆಂಡತಿ ಗಂಗರತ್ನಮ್ಮ ಉಪ್ಪಿನಕಾಯಿಗೆ ಕಾಯಿ ಕೀಳಲು ತಾರಸಿ ಹತ್ತಿದರು. ಬಿದಿರಿನ ದೋಟಿ ಮುರಿದಿತ್ತು. ಕೈಗೆ ಸಿಕ್ಕ ಕಬ್ಬಿಣದ ಪೈಪಿಗೆ ಕೊಕ್ಕೆ ಕಟ್ಟಿಕೊಂಡು ಎತ್ತಿದರು. ಎಲೆಗಳ ಮರೆಯಲ್ಲಿದ್ದ ತಂತಿ ಅವರಿಗೆ ಕಾಣಲಿಲ್ಲ. ಪೈಪು ಅದಕ್ಕೆ ತಗುಲಿತು. ಗಂಗರತ್ನಮ್ಮ ಹಿಂದಕ್ಕೆ ಎಗರಿ ಬಿದ್ದರು.

ಬಟ್ಟೆ ಒಣಹಾಕುತ್ತಿದ್ದ ಗೋದಾ ಅದನ್ನು ಕಂಡರು. ಮಾತು ಬಿಟ್ಟಿದ್ದು ಅವರಿಗೆ ನೆನಪೇ ಆಗಲಿಲ್ಲ. ಓಡಿಬಂದು, ಶಿವಲಿಂಗಯ್ಯನವರನ್ನು ಕೂಗಿ, ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ದರು. ಅಂಗೈ ಸುಟ್ಟಿತ್ತು. ಹೃದಯಕ್ಕೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳುವವರೆಗೆ ಶಿವಲಿಂಗಯ್ಯ ಕುರ್ಚಿಯಲ್ಲಿ ಕೂರಲಿಲ್ಲ.

ಮರುದಿನ ಹೆಂಡತಿಯನ್ನು ಮನೆಗೆ ಕರೆತಂದವರೇ, ಮರ ಕಡಿಯುವವರಿಗೆ ಬರಹೇಳಿ, ಬುಡಸಮೇತ ಕಡಿಸಿಬಿಡುತ್ತೇನೆಂದು ಹೊರಟರು. ಗಂಗರತ್ನಮ್ಮ ಬ್ಯಾಂಡೇಜು ಕಟ್ಟಿದ ಕೈಯಲ್ಲೇ ಅವರನ್ನು ತಡೆದರು.

"ಮರದ್ದೇನು ತಪ್ಪಿದೆ ರೀ? ನಾವೇ ಅದನ್ನ ನೋಡ್ಕೊಳ್ಳಲಿಲ್ಲ. ಯಶೋಧರಾ ಬಂದು ಒಂದ್ಸಲ ನೋಡ್ಲಿ. ಆಮೇಲೆ ನಿಮ್ಮಿಷ್ಟ."

ಯಶೋಧರಾ ಗಂಗರತ್ನಮ್ಮನವರ ಸ್ವಸಹಾಯ ಸಂಘದ ಗೆಳತಿ. ತೋಟಗಾರಿಕೆ ಇಲಾಖೆಯಲ್ಲಿ ಇಪ್ಪತ್ತು ವರ್ಷದಿಂದ ಗಿಡಮರಗಳ ಜೊತೆಗೇ ಕೆಲಸ. ಸಂಜೆ ಬಂದವಳು ಮರವನ್ನು ಸುತ್ತು ಹಾಕಿ, ಶಿವಲಿಂಗಯ್ಯನವರನ್ನು ಕೊಂಬೆಗಳ ಕೆಳಗೆ ನಿಲ್ಲಿಸಿದಳು.

"ಒಳಗಡೆ ನೋಡಿ ಅಣ್ಣ, ಬರೀ ಒಣಕಡ್ಡಿ. ಬಿಸಿಲು ಬೀಳದಿದ್ರೆ ಮಾವು ಹೂ ಬಿಡಲ್ಲ. ಅದಕ್ಕೇ ಕಾಯೆಲ್ಲ ತುದೀಲಿ."

"ಇಷ್ಟು ವರ್ಷ ಕೈ ಇಟ್ಟಿಲ್ಲಮ್ಮ. ಈಗ ಕೊಂಬೆ ಕಡಿದ್ರೆ ಮರ ಸಾಯಲ್ವಾ?"

"ಒಂದೇ ಸಲ ಬೋಳು ಮಾಡಿದ್ರೆ ಸಾಯಬಹುದು. ಈ ವರ್ಷ ಕಾಲುಭಾಗ ತೆಗೆಯೋಣ. ಇನ್ನು ಸ್ವಲ್ಪ ಮುಂದಿನ ವರ್ಷ, ಅದರ ಮುಂದಿನ ವರ್ಷ. ಅಮ್ಮ ನೆಟ್ಟ ಮರ ಅಣ್ಣ, ಕಡಿದ್ಬಿಟ್ರೆ ವಾಪಸ್ ಬರಲ್ಲ."

ಶಿವಲಿಂಗಯ್ಯ ಪೂರ್ತಿ ಒಪ್ಪಲಿಲ್ಲ. ಆದರೂ ಕಡಿಯುವವರಿಗೆ ಬರಬೇಡಿ ಎಂದು ಫೋನು ಮಾಡಿದರು.

ಕಾಯಿ ಮುಗಿಯುವವರೆಗೆ ಕಾಯಲು ಯಶೋಧರಾ ಹೇಳಿದ್ದಳು. ಅಷ್ಟರಲ್ಲಿ ಶಿವಲಿಂಗಯ್ಯ ಪಾಲಿಕೆಯ ಅರಣ್ಯ ವಿಭಾಗಕ್ಕೆ ಅರ್ಜಿ ಕೊಟ್ಟು, ಕೊಂಬೆ ಸವರಲು ಅನುಮತಿ ಪಡೆದರು. ಜೂನ್ ಕೊನೆಯಲ್ಲಿ, ಮಳೆ ಬಿಡುವು ಕೊಟ್ಟ ಒಂದು ದಿನ, ಕರೆಂಟಿನವರು ಬಂದು ಲೈನ್ ಆಫ್ ಮಾಡಿದರು. ಆಮೇಲೆಯೇ ಶಶಿಕಿರಣ್ ಎಂಬ ತರಬೇತಿ ಪಡೆದ ಕೆಲಸಗಾರ ಸೊಂಟಕ್ಕೆ ಬೆಲ್ಟು ಕಟ್ಟಿ ಮರ ಹತ್ತಿದ. ಹಕ್ಕಿಗೂಡು ಇಲ್ಲವೆಂದು ಮೊದಲು ನೋಡಿಕೊಂಡ. ಒಣಗಿದ್ದು, ಒಂದಕ್ಕೊಂದು ಉಜ್ಜುತ್ತಿದ್ದದ್ದು, ತಂತಿಯ ಕಡೆ ಚಾಚಿದ್ದು, ಇಷ್ಟೇ ತೆಗೆದ. ದಪ್ಪ ಕೊಂಬೆಯಾದರೆ ಮೊದಲು ಅಡಿಯಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿಂದ ಕೊಯ್ಯುತ್ತಿದ್ದ. ಹಾಗೆ ಮಾಡದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಸಿಗಿದುಕೊಂಡು ಹೋಗುತ್ತದೆ. ಕೊಯ್ದ ಜಾಗಕ್ಕೆಲ್ಲ ಮೈಲುತುತ್ತ, ಸುಣ್ಣ ಕಲಸಿದ ಮುಲಾಮು ಹಚ್ಚಿದ.

ಒಂದೊಂದು ಕೊಂಬೆ ಬಿದ್ದಾಗಲೂ ಶಿವಲಿಂಗಯ್ಯ ಮುಖ ತಿರುಗಿಸಿಕೊಂಡರು. ಮಧ್ಯಾಹ್ನ ಕೆಲಸ ಮುಗಿಯುವ ಹೊತ್ತಿಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲು ಬಿದ್ದಿತ್ತು. ಅವರು ಅದರ ಮೇಲೆ ಅಂಗೈ ಇಟ್ಟು ಬಿಸಿ ನೋಡಿದರು. ಗೋದಾ ಎಲ್ಲರಿಗೂ ಕಾಫಿ ತಂದುಕೊಟ್ಟರು.

ಮೊದಲ ವರ್ಷ ಕಾಯಿ ಹೆಚ್ಚೇನೂ ಬರಲಿಲ್ಲ. ಶಿವಲಿಂಗಯ್ಯ ಗೊಣಗಿದರು. ಹೊಸ ಚಿಗುರು ಬಲಿಯಲಿ ಎಂದು ಯಶೋಧರಾ ಸಮಾಧಾನ ಹೇಳಿದಳು. ಎರಡನೆಯ ಸಲ ಕೊಂಬೆ ಸವರಿದ ಮೇಲೆ, ಈ ವರ್ಷ, ಕೆಳಗಿನ ಕೊಂಬೆಗಳಲ್ಲೂ ಗೊಂಚಲು ಗೊಂಚಲಾಗಿ ಕಾಯಿ ಬಿಟ್ಟಿತು. ಗಂಗರತ್ನಮ್ಮ ನೆಲದ ಮೇಲೆ ನಿಂತೇ, ಕೈಯೆತ್ತಿ, ಮೊದಲ ಹಣ್ಣು ಕಿತ್ತು ಗಂಡನಿಗೆ ಕೊಟ್ಟರು.

"ಅಮ್ಮ ಇದ್ದಾಗ ಹೀಗೇ ಕೀಳ್ತಿದ್ಲು," ಎಂದರು ಶಿವಲಿಂಗಯ್ಯ.

ನಿಮ್ಮ ಹಿತ್ತಲಲ್ಲೂ ಒಂದು ಮಾವೋ, ಹಲಸೋ, ಸೀಬೆಯೋ ಇರಬಹುದು. ಅದನ್ನು ಕಾಡಿನಂತೆ ಬೆಳೆಯಲು ಬಿಡಬೇಡಿ, ಹೆದರಿ ಕಡಿಸಲೂ ಬೇಡಿ. ಫಸಲು ಮುಗಿದ ಮೇಲೆ, ತಿಳಿದವರ ಕೈಲಿ, ವರ್ಷಕ್ಕಿಷ್ಟು ಎಂದು ಸವರಿಸಿ. ತಂತಿಯ ಹತ್ತಿರ ಕೊಂಬೆಯಿದ್ದರೆ ನೀವಾಗಿ ಮುಟ್ಟಬೇಡಿ, ಕಬ್ಬಿಣದ ದೋಟಿ ಎತ್ತಲೇಬೇಡಿ. ಮೊದಲು ಕರೆಂಟಿನವರಿಗೆ ಫೋನು ಮಾಡಿ. ಮರವೂ ಇರಲಿ, ಮನೆಯವರೂ ಕ್ಷೇಮವಾಗಿರಲಿ.