ಹೊರಗಾಗಿದ್ದೆ

ನಂಜನಗೂಡಿನ ಕೈಗಾರಿಕಾ ಪ್ರದೇಶದ ನಮ್ಮ ಫ್ಯಾಕ್ಟರಿಯಲ್ಲಿ ತಯಾರಾಗುವುದು ಫೋಮು. ಹೆಂಗಸರ ಪ್ಯಾಡಿನೊಳಗೆ ಹತ್ತಿಯ ಬದಲು ಹಾಕುವ ತೆಳ್ಳನೆಯ ಹಾಳೆ. ಪರೀಕ್ಷೆಯ ಮೇಜು ನನ್ನದು. ಹಾಳೆಯ ಮೇಲೆ ನೀಲಿ ಬಣ್ಣದ ಉಪ್ಪುನೀರು ಸುರಿದು, ಅದು ಹೀರಿಕೊಂಡ ಮೇಲೆ ಬಿಳಿ ಕಾಗದ ಹಾಸಿ, ತೂಕ ಹೇರಬೇಕು. ಕಾಗದಕ್ಕೆ ನೀಲಿ ಹತ್ತಿದರೆ ಆ ಹಾಳೆಯ ಇಡೀ ಸುರುಳಿಯನ್ನು ತಳ್ಳಿಹಾಕಬೇಕು. ಆರು ವರ್ಷದಲ್ಲಿ ಒಂದು ಸುರುಳಿಯೂ ನನ್ನ ಕಣ್ಣು ತಪ್ಪಿಸಿ ಹೋಗಿರಲಿಲ್ಲ.

ಸೋಮವಾರ ಒಂದು ಹೋಯಿತು. ಆವತ್ತು ನನಗೆ ಎರಡನೇ ದಿನ. ನಲವತ್ತೈದು ದಾಟಿದ ಮೇಲೆ ಅದು ಹೊಳೆ ಬಂದ ಹಾಗೆ ಬರುತ್ತದೆ. ಬದಲಿ ಆಳು ಕೇಳಿದೆ, ಕೊಡಲಿಲ್ಲ. ಸೀರೆ ಕೆಡುವ ಮೊದಲು ಫ್ಯಾಕ್ಟರಿಯೊಳಗಿನ ಕಕ್ಕಸಿಗೆ ಎದ್ದು ಹೋದೆ. ವಾಪಸ್ ಬರುವಷ್ಟರಲ್ಲಿ ಕೆಟ್ಟ ಸುರುಳಿ ಲಾರಿ ಹತ್ತಿತ್ತು.

ಮೇಜು ಬಿಟ್ಟಿದ್ದೇಕೆ, ಬರೆದುಕೊಡು ಎಂದರು. ಕಳಲೆ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಓದಿದವಳು ನಾನು. ಯಾರ ಕೈಲೂ ಬರೆಸದೆ ನಾನೇ ಬರೆದೆ: “ನಾನು ಹೊರಗಾಗಿದ್ದೆ.” ಮುಟ್ಟಾದರೆ ನಮ್ಮ ಕಡೆ ಇನ್ನು ಹೇಗೆ ಬರೆಯುತ್ತಾರೆ?

ಗುರುವಾರ ಆಫೀಸಿಗೆ ಕರೆದರು. ಮ್ಯಾನೇಜರು ನಾಗಪುರದವನು, ಕನ್ನಡ ಬಾರದು. ಪಕ್ಕದಲ್ಲಿ ಗುಮಾಸ್ತ ರವಿಚಂದ್ರ ನಿಂತಿದ್ದ. ಸೋಸಲೆಯವನು, ಎರಡು ಮಕ್ಕಳ ತಂದೆ. ನನ್ನ ಕಾಗದವನ್ನು ಇಂಗ್ಲಿಷಿಗೆ ಮಾಡಿದವನು ಅವನೇ.

“ಕೆಲ್ಸದಿಂದ ತೆಗ್ದವ್ರೆ ಗೌರಕ್ಕ. ಡ್ಯೂಟಿ ಟೈಮಲ್ಲಿ ಫ್ಯಾಕ್ಟ್ರಿಯಿಂದ ಒರಗಡೆ ಇದ್ದೆ ಅಂತ ನೀವೇ ಬರ್ದಿದೀರಲ್ಲ.”

“ಲೇ ರವಿ, ಒರಗಾಗದು ಅಂದ್ರೆ ನಿಂಗೊತ್ತಿಲ್ವಾ? ನಿಮ್ಮವ್ವ ಆಗ್ನಿಲ್ವಾ? ನಿನ್ನೆಂಡ್ತಿ ಆಗಕಿಲ್ವಾ?”

ಅವನು ನೆಲ ನೋಡಿದ. “ಗೊತ್ತು ಕಣಕ್ಕ. ಸಾಹೇಬ್ರಿಗೆ ಅದ್ನ ಎಂಗೆ ಬರ್ದ್‌ಕೊಡ್ಲಿ? ಅಸಯ್ಯ ಅಲ್ವಾ?”

“ಪ್ಯಾಡು ಮಾರಿದ್ ದುಡ್ಡಲ್ಲಿ ಸಂಬ್ಳ ತಗಳಕ್ಕೆ ಅಸಯ್ಯ ಇಲ್ವೇನ್ಲಾ? ಈಗ್ಲಾದ್ರೂ ಬಾಯ್‌ಬುಟ್ಟು ಏಳು.”

ಅವನು ಹಿಂದಿಯಲ್ಲಿ ಏನೋ ಗೊಣಗಿದ. ಮ್ಯಾನೇಜರು ತಲೆ ಅಲ್ಲಾಡಿಸಿದ.

“ಉಷಾರಿರ್ಲಿಲ್ಲ ಅಂದೆ. ಡಾಕ್ಟ್ರ ಚೀಟಿ ಎಲ್ಲಿ ಅಂತಾವ್ರೆ.”

ನನ್ನ ಮೈ ಉರಿಯಿತು. ಮೇಜಿನ ಮೇಲಿದ್ದ ಮಾದರಿ ಪ್ಯಾಡನ್ನು ಎತ್ತಿ, ಎದೆ ತಟ್ಟಿಕೊಂಡು, ಮ್ಯಾನೇಜರ ಮುಖಕ್ಕೇ ಹಿಡಿದೆ. “ಇದು. ನಂಗೆ. ಸ್ವಾಮ್ವಾರ.”

ಮ್ಯಾನೇಜರು ಅರ್ಥವಾದವನಂತೆ ನಕ್ಕು ರವಿಗೆ ಏನೋ ಹೇಳಿದ. ರವಿ ಬೀರುವಿನಿಂದ ಪ್ಯಾಡಿನ ಎರಡು ಪ್ಯಾಕೆಟ್ ತೆಗೆದು ನನ್ನ ಮುಂದಿಟ್ಟ.

“ಕೇಳಿದ್ರೆ ಕೊಡ್ದೆ ಇರ್ತೀವಾ ಅಂತಾವ್ರೆ. ತಗಳಿ. ಇಲ್ಲೊಂದು ಸೈನ್ ಮಾಡಿ.”

ಕೆಲಸದಿಂದ ತೆಗೆದ ಕಾಗದ ಇಂಗ್ಲಿಷಿನಲ್ಲಿತ್ತು. ಪ್ಯಾಕೆಟ್‌ಗಳನ್ನು ಆಚೆ ತಳ್ಳಿದೆ. ಪೆನ್ನು ತೆಗೆದುಕೊಂಡು, ಸೈನಿನ ಜಾಗದ ಮೇಲೆ ಕನ್ನಡದಲ್ಲಿ ದಪ್ಪಕ್ಕೆ ಬರೆದೆ: “ನಾನು ಮುಟ್ಟಾಗಿದ್ದೆ. ಮಂಗಳಗೌರಿ.”

ಮ್ಯಾನೇಜರು ಆ ಸಾಲಿನ ಮೇಲೆ ಬೆರಳಿಟ್ಟು ರವಿಯ ಕಡೆ ನೋಡಿದ.

“ಅಡ್ರೆಸ್, ಸರ್,” ಎಂದ ರವಿ.