ಜ್ವರಕ್ಕೆ ಕೂತವನು

ಮಕ್ಕಳ ಸಿಟ್ಟನ್ನು ಸಂಭಾಳಿಸುವುದು ಹೇಗೆಂದು ತರಬೇತಿ ಪಡೆದು ಬಂದವರಿಗೂ ಸಿಟ್ಟು ಬರುತ್ತದೆ. ಸುಗಟೂರಿನ ಶಾಲೆಯ ಸುನಂದ ಮಿಸ್‌ಗಂತೂ ಅದು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಂಥವರನ್ನೇ ಹುಡುಕಿ ತರಬೇತಿಗೆ ಕಳಿಸಿದ್ದರೋ ಏನೋ.

ಆ ಮಧ್ಯಾಹ್ನ ಮೂರನೇ ತರಗತಿಯ ಮಕ್ಕಳು ತಮಗೆ ಇಷ್ಟವಾದವರ ಮನೆಯ ಚಿತ್ರ ಬರೆಯುತ್ತಿದ್ದರು. ಇದ್ದಕ್ಕಿದ್ದಂತೆ ಕದಿರೇಶ್, ಪಕ್ಕದಲ್ಲಿದ್ದ ಶಿವಾನಿಯ ಹಾಳೆ ಕಿತ್ತುಕೊಂಡು ಹರಿದು ಚೂರು ಮಾಡಿ, ಬೆಂಚಿನ ಕೆಳಗೆ ನುಗ್ಗಿ ಕೂತ. ಅವನ ತಾಯಿ ಆಪರೇಷನ್ನಿಗೆಂದು ಕೋಲಾರದ ಆಸ್ಪತ್ರೆ ಸೇರಿ ಬಹಳ ದಿನವಾಗಿತ್ತು. ಇವತ್ತು ಬರುತ್ತಾಳೆ, ನಾಳೆ ಬರುತ್ತಾಳೆ ಎಂದು ಮನೆಯವರು ಹೇಳುತ್ತಲೇ ಇದ್ದರು. ಹುಡುಗ ಮುಟ್ಟಿದರೆ ಸಿಡಿಯುವಂತಾಗಿದ್ದ. ಗೆಳೆಯರೆಲ್ಲ ದೂರ ಸರಿದು, ಪಕ್ಕದಲ್ಲಿ ಕೂರುವವಳು ಶಿವಾನಿ ಒಬ್ಬಳೇ ಉಳಿದಿದ್ದಳು. ಇವಳೂ ಬಿಟ್ಟರೆ ಅವನಿಗೆ ಯಾರೂ ಇಲ್ಲವಲ್ಲ ಎಂದು ಸುನಂದಾಗೆ ಸಂಕಟವಾಯಿತು.

“ಆಚೆ ಬಾರೋ. ಉಸಿರು ಎಳ್ಕೋ, ಹತ್ತರವರೆಗೂ ಎಣಿಸು, ಶಿವಾನಿಗೆ ಸಾರಿ ಹೇಳು,” ಎಂದು ಕಲಿತು ಬಂದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಸುರಿದಳು. ಹುಡುಗ ಗೋಡೆಗೆ ಇನ್ನಷ್ಟು ಒತ್ತಿಕೊಂಡ. ಅವಳು ಕೈ ಹಿಡಿದು ಎಳೆಯಲು ಬಗ್ಗಿದಳು.

“ಮುಟ್ಬೇಡಿ ಮಿಸ್!” ಕಣ್ಣೊರೆಸಿಕೊಳ್ಳುತ್ತಿದ್ದ ಶಿವಾನಿ ಕೂಗಿದಳು. “ಜ್ವರಕ್ಕೆ ಕೂತವ್ನೆ.”

ಅಲ್ಲಿದ್ದ ಮಕ್ಕಳೆಲ್ಲ ರೇಷ್ಮೆ ಸಾಕುವ ಮನೆಯವರು. ಹುಳು ಪೊರೆ ಬಿಡುವ ಮೊದಲು ತಿನ್ನುವುದು ನಿಲ್ಲಿಸಿ, ತಲೆಯೆತ್ತಿ, ಕದಲದೆ ಕೂರುತ್ತದೆ. ಅದನ್ನೇ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ, ಅಲುಗಿಸುವಂತಿಲ್ಲ. ಅದಾಗಿಯೇ ಏಳುವವರೆಗೂ ಕಾಯಬೇಕು.

ಶಿವಾನಿ ತುಟಿಯ ಮೇಲೆ ಬೆರಳಿಟ್ಟಳು. ಗಲಾಟೆಗೆ ಹೆಸರಾದ ಆ ತರಗತಿ ತಟ್ಟನೆ ಮೆತ್ತಗಾಯಿತು. ಸುನಂದ ನೆಲದ ಮೇಲೆ ಕೂತಳು. ಏನೂ ಮಾಡದೆ ಸುಮ್ಮನೆ ಕೂರುವುದೆಂದರೆ ಅವಳಿಗೆ ಬಲು ಕಷ್ಟ.

ಗಂಟೆ ಹೊಡೆಯಿತು. ಮಕ್ಕಳು ಪಿಸುಮಾತಿನಲ್ಲೇ ಹೊರಟರು. ಶಿವಾನಿ ಹೋಗಲಿಲ್ಲ. ಸುನಂದಾಳ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು. ಹಾಳಾಗಿ ಹೋಗಲಿ ಎಂದುಕೊಂಡಳು.

ಬೆಂಚಿನ ಕೆಳಗಿಂದ ಮೊದಲು ಒಂದು ಕಾಲು ಬಂತು, ಆಮೇಲೆ ಮುಖ.

‘ಸಾರಿ ಹೇಳು’ ಎಂಬ ಮಾತು ಸುನಂದಾಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

“ಏನಾಯ್ತು ನಾಯ್ನಾ?” ಎಂದು ಮುದ್ದಿನಿಂದ ಕೇಳಿದಳು.

“ನಮ್ಮನೇನ ಬರ್ದಿದ್ಲು ಮಿಸ್. ಅಜ್ಜಿ ಇತ್ತು, ಅಪ್ಪ ಇದ್ದ, ನಾನೂ ಇದ್ದೆ. ಅಮ್ಮ ಇರ್ಲಿಲ್ಲ.” ಅವನು ಹರಿದ ಚೂರೊಂದನ್ನು ಹೆಕ್ಕಿಕೊಂಡ. “ಅಮ್ಮ ಇನ್ನ ಬರಲ್ವೇನೋ ಅಂತ ಭಯ ಆಯ್ತು.”

ಇಷ್ಟು ಹೊತ್ತೂ ತಾನು ಸಿಟ್ಟೆಂದುಕೊಂಡದ್ದು ಈ ಭಯವನ್ನೇ ಎಂದು ಸುನಂದಾಳಿಗೆ ಆಗ ತಿಳಿಯಿತು.

“ಮನೇಲಿ ಇಲ್ವಲ್ಲ ಅಂತ ಬಿಟ್ಟೆ ಕಣೋ,” ಎಂದ ಶಿವಾನಿ ಹೊಸ ಹಾಳೆ ತೆಗೆದು ಮತ್ತೆ ಮನೆ ಬರೆಯತೊಡಗಿದಳು. “ನಿಮ್ಮಮ್ಮನ್ನ ಎಲ್ಲಿ ಬರೀಲಿ? ಬಾಗಿಲ ಹತ್ರಾನಾ?”

ಕದಿರೇಶ್ ಅವಳ ಪಕ್ಕಕ್ಕೆ ಸರಿದು ಕೂತ.

“ಬೇಡ. ಬಾಗಿಲಲ್ಲಿದ್ರೆ ಮತ್ತೆ ಹೊರಟೋಗ್ತಾಳೆ. ಒಳಗೆ ಬರಿ.”